ಮೂರು ಅಂಕಣ

ದುರ್ಗಿಗುಡಿ, ಶಿವಮೊಗ್ಗ
೮ ಜನವರಿ ೧೯೩೯

ಚಿ. ಶಿವಯೋಗಪ್ಪನಿಗೆ ಅಕ್ಕ ದಾಕ್ಷಾಯಣಿಯ ಆಶೀರ್ವಾದ.

ರೈಲು ಹತ್ತಿದ್ರೆ ಎಲೆ ಅಡಿಕೆ ಹಾಕ್ಕೊಂಡು ಉಗುಳೋಷ್ಟರಲ್ಲಿ ಭದ್ರಾವತಿ. ಆದ್ರೂ ನಿನ್ನ ಮುಖ ನೋಡ್ಬೇಕಂದ್ರೆ ಹಬ್ಬವೇ ಬರಬೇಕು ಮಾರಾಯ. ಕಾರ್ಖಾನೆ ಆಫೀಸಿನ ಗುಮಾಸ್ತೆ ಕೆಲಸ ಅಂದ್ರೆ ರಜಾನೇ ಇಲ್ವೇನೋ.

ಒಂದು ವಿಷಯಕ್ಕೆ ಬರೀತಿದ್ದೀನಿ. ನಿಮ್ಮ ಭಾವ ಹೋಗಿ ಎರಡು ವರ್ಷ ಆಗ್ತಾ ಬಂತು. ದನಗಳನ್ನೂ ಮಾರಿಬಿಟ್ಟೆ. ಹಿತ್ತಲ ಕೊಟ್ಟಿಗೆ ಬರಿದೇ ಬಿದ್ದಿದೆ. ಅದನ್ನ ಕೆಡವಿ ಮೂರು ಕೋಣೆ ಮಾಡಿಸೋಣ ಅಂತಿದ್ದೀನಿ. ಹುಡುಗಿಯರ ಸ್ಕೂಲಿಗೆ ಬೇರೆ ಊರಿಂದ ಮೇಡಂಗಳು ಬರ್ತಾರೆ, ಮರ್ಯಾದಸ್ಥ ಮನೇಲಿ ಕೋಣೆ ಸಿಗದೆ ಪರದಾಡ್ತಾರೆ. ಕೋಣೆಗೆ ಇಬ್ಬರಂತೆ ಇಟ್ಕೊಂಡು, ಊಟ ಹಾಕಿ, ಬಾಡಿಗೆ ತಗೊಂಡ್ರೆ ನನ್ನ ಜೀವನ ಸಾಗುತ್ತೆ. ಇನ್ನೊಬ್ಬರ ಮನೆ ಮೂಲೇಲಿ ಕೂತು ಅನ್ನ ತಿನ್ನೋದು ನನಗಾಗಲ್ಲ. ನಿನ್ನ ಮನೇಲೂ ಆಗಲ್ಲ. ಬೇಜಾರು ಮಾಡ್ಕೋಬೇಡ, ಇದ್ದದ್ದು ಹೇಳ್ದೆ.

ಒಳ್ಳೆ ಮೇಸ್ತ್ರಿ ಯಾರಾದ್ರೂ ಗೊತ್ತಾ? ಹೆಂಗಸು ಒಬ್ಬಳೇ ಅಂತ ತಿಳಿದ್ರೆ ಈ ಜನ ಇಟ್ಟಿಗೆ ಬದಲು ಮಣ್ಣುಹೆಂಟೆ ಇಟ್ಟು ಹೋಗ್ತಾರೆ. ನನ್ನ ಕಡೆ ನಿಂತು ಕೇಳೋನು ನೀನೊಬ್ಬನೇ. ಮಹಾಂತಮ್ಮನಿಗೂ ಮಕ್ಕಳಿಗೂ ಆಶೀರ್ವಾದ.

ಅಕ್ಕ

---

ಹಳೇನಗರ, ಭದ್ರಾವತಿ
೧೬ ಜನವರಿ ೧೯೩೯

ಪ್ರೀತಿಯ ಅಕ್ಕನಿಗೆ ತಮ್ಮ ಶಿವಯೋಗಪ್ಪನ ನಮಸ್ಕಾರ.

ನಿನ್ನ ಕಾಗದ ಓದಿ ನನಗೂ ಮಹಾಂತಮ್ಮಂಗೂ ಸಂತೋಷ ಆಯ್ತು. ಅಲ್ಲಕ್ಕಾ, ಈ ವಯಸ್ಸಿನಲ್ಲಿ ಯಾಕೆ ಈ ತಾಪತ್ರಯ ಅಂತ ಒಂದು ಸಲ ಅನ್ನಿಸ್ತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಸುಮ್ನೆ ಹೇಳಿದ್ದಾರಾ? ಆದ್ರೆ ನೀನು ಮನಸ್ಸು ಮಾಡಿದ್ಮೇಲೆ ಬ್ರಹ್ಮ ಬಂದ್ರೂ ಬದಲಾಯಿಸಲ್ಲ.

ನಾನು ದಿನಾ ಕಂತ್ರಾಟುದಾರರ ಕಾಗದ ಪತ್ರ ನೋಡೋನು, ಅವರ ಆಟ ಎಲ್ಲಾ ಗೊತ್ತು. ಮೇಸ್ತ್ರಿಯ ಮಾತು ಕೇಳ್ಬೇಡ, ಅವನು ಕಟ್ಟಿದ ಮನೆ ನೋಡು. ಮಳೇಲಿ ಸೋರುತ್ತಾ ಅಂತ ಆ ಮನೆ ಹೆಂಗಸರನ್ನ ಕೇಳು, ಗಂಡಸರಿಗೆ ಸೋರೋದು ಗೊತ್ತೇ ಇರಲ್ಲ. ಒಟ್ಟಿಗೆ ದುಡ್ಡು ಕೊಡ್ಬೇಡ, ಗೋಡೆ ಎದ್ದಷ್ಟು ಕೊಡು. ಗಾರೆ ಕಲಸೋವಾಗ ಎದುರಿಗೆ ನಿಂತಿರು, ಸುಣ್ಣ ಕದ್ದು ಮರಳು ಸುರೀತಾರೆ. ಅವರು ನಗ್ತಾ ಮಾತಾಡಿದ್ರೆ ಇನ್ನೂ ಹುಷಾರಾಗಿರು. ಬಾಯಿಮಾತು ಏನೂ ಬೇಡ, ಎಲ್ಲ ಕರಾರಿನಲ್ಲೇ ಇರಬೇಕು. ಕರಾರು ನಾನೇ ನನ್ನ ಕೈಯಾರೆ ಬರೆದು ಕಳಿಸ್ತೀನಿ.

ಮೇಸ್ತ್ರಿ ಜಟ್ಟಪ್ಪ ಅಂತ ಇದ್ದಾನೆ. ನನಗೆ ಗೊತ್ತಿರೋನು. ಎಲ್ಲಿ ಕೆಲಸ ಮಾಡಿದ್ದಾನೆ ಅಂತ ನೀನು ಹುಡುಕ್ಕೊಂಡು ಹೋಗೋದು ಬೇಡ, ನಾನೇ ನೋಡಿದ್ದೀನಿ.

ಶಿವಯೋಗಿ

---

ಶಿವಮೊಗ್ಗ
೩ ಫೆಬ್ರವರಿ ೧೯೩೯

ಚಿ. ಶಿವಯೋಗಿಗೆ ಆಶೀರ್ವಾದ.

ಕರಾರು ತಗೊಂಡು ಜಟ್ಟಪ್ಪ ಬಂದಿದ್ದ. ನಿನ್ನ ಅಕ್ಷರ ನೋಡಿದ್ರೆ ಮುತ್ತು ಪೋಣಿಸಿದ ಹಾಗಿದೆ. ಅವ್ವ ಹೋದಾಗ ನೀನು ಐದು ವರ್ಷದ ಮಗು, ಮರಳಿನ ಮೇಲೆ ನಿನ್ನ ಬೆರಳು ಹಿಡ್ಕೊಂಡು ಅ ಆ ತಿದ್ದಿಸಿದ್ದು ನಾನೇ. ಓದಿ ಹೆಮ್ಮೆ ಆಯ್ತು.

ಪಕ್ಕದ ಮನೆ ಶಿವಶಂಕರಪ್ಪನೋರಿಗೆ ತೋರಿಸ್ದೆ. ಅವರು ಕನ್ನಡಕ ಹಾಕ್ಕೊಂಡು ಎರಡು ಸಲ ಓದಿ, "ದಾಕ್ಷಾಯಣಮ್ಮ, ಎಲ್ಲಾ ಚೆನ್ನಾಗಿದೆ. ಆದ್ರೆ 'ಮೂರು ಅಂಕಣ ಕಟ್ಟಿಕೊಡತಕ್ಕದ್ದು' ಅಂತ ಬರೆದಿದ್ದಾನಲ್ಲ, ಅಂಕಣಕ್ಕೆ ಎಷ್ಟಡಿ ಅಂತ ಬರೆದಿಲ್ವಲ್ಲ" ಅಂದ್ರು. ನನಗೆ ಸಿಟ್ಟು ಬಂತು. ಅಂಕಣ ಅಂದ್ರೆ ಯಾರಿಗೆ ಗೊತ್ತಿಲ್ಲ? ಎರಡು ಕಂಬದ ನಡುವೆ ಒಂದು ಅಂಕಣ. ನಮ್ಮ ಮನೇಲಿ ಪಡಸಾಲೆ ಎರಡು ಅಂಕಣ, ನಡುಮನೆ ಮೂರು, ಒಂದೊಂದೂ ಹತ್ತಡಿ. ಅಜ್ಜನ ಕಾಲದಿಂದ ಮನೆ ಅಳತೇನ ಹಾಗೇ ಹೇಳ್ತಾ ಬಂದಿದ್ದೀವಿ. "ನನ್ನ ತಮ್ಮ ಬರೆದಿದ್ದಾನೆ, ಅದ್ರಲ್ಲಿ ತಪ್ಪಿರಲ್ಲ" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದೆ.

ಆದ್ರೂ ಒಂದು ಮಾತು ಕೇಳ್ತೀನಿ. ಅಡಿ ಅಂತ ಸೇರಿಸಿಬಿಟ್ರೆ ಆಗಲ್ವಾ? ನಾಳೆ ಶಿವಶಂಕರಪ್ಪನೋರ ಬಾಯಿ ಮುಚ್ಚಿಸೋಕಾದ್ರೂ ಆಗುತ್ತೆ.

ಅಕ್ಕ

---

ಭದ್ರಾವತಿ
೭ ಫೆಬ್ರವರಿ ೧೯೩೯

ಅಕ್ಕನಿಗೆ ನಮಸ್ಕಾರ.

ಅಡಿ ಸೇರಿಸಿದ್ರೆ ಜಟ್ಟಪ್ಪನಿಗೆ ಅವಮಾನ ಆಗುತ್ತೆ. ಅವನು ಹಳೇ ಕಾಲದ ಮೇಸ್ತ್ರಿ, ಅಂಕಣದ ಲೆಕ್ಕದಲ್ಲೇ ಕೆಲಸ ಮಾಡೋನು. ನಂಬಿಕೆ ಇಲ್ಲ ಅಂದ್ರೆ ಕೈಬಿಟ್ಟು ಹೋಗ್ತಾನೆ. ಶಿವಶಂಕರಪ್ಪನೋರಿಗೆ ಜವಳಿ ಅಂಗಡಿ ನೋಡ್ಕೊಳ್ಳೋಕೆ ಹೇಳು, ಗಜ ಗಜ ಅಂತ ಅಳೆದೂ ಅಳೆದೂ ಅವರಿಗೆ ಲೋಕವೆಲ್ಲ ಬಟ್ಟೆ ತರಹ ಕಾಣುತ್ತೆ. ನೀನು ರುಜು ಹಾಕು. ನಾನಿದ್ದೀನಲ್ಲ.

ಶಿವಯೋಗಿ

---

ಶಿವಮೊಗ್ಗ
೧೨ ಮಾರ್ಚ್ ೧೯೩೯

ಚಿ. ಶಿವಯೋಗಿಗೆ ಆಶೀರ್ವಾದ.

ಪಾಯ ಹಾಕಿದ್ದಾರೆ. ನೋಡಿದ್ರೆ ನನಗ್ಯಾಕೋ ಚಿಕ್ಕದು ಅನ್ನಿಸ್ತಿದೆ. ಜಟ್ಟಪ್ಪನ್ನ ಕೇಳಿದ್ರೆ ನಗ್ತಾನೆ. ನಗ್ತಾ ಮಾತಾಡೋರ ಹತ್ರ ಹುಷಾರಾಗಿರು ಅಂತ ನೀನೇ ಬರೆದಿದ್ದೆಯಲ್ಲ, ಅದಕ್ಕೇ ನಿನ್ನನ್ನ ಕೇಳ್ತಿದ್ದೀನಿ.

ಇನ್ನೊಂದು. ವಾರಕ್ಕೆ ಎರಡು ದಿನ ಕೆಲಸ ಮಾಡಿದ್ರೆ ನಾಲ್ಕು ದಿನ ಆಳುಗಳು ಮಂಗಮಾಯ. ಗಾರೆ ಹೊರೋ ನಂಜಮ್ಮ ಅಂತ ಒಬ್ಬಳಿದ್ದಾಳೆ, ಒಳ್ಳೆ ಹೆಂಗಸು. ಎಲ್ಲಿ ಹೋಗ್ತೀರೇ ಅಂದ್ರೆ, "ಭದ್ರಾವತೀಲಿ ಸಾಹೇಬ್ರ ಮನೆ ಕೆಲಸ ಐತಲ್ಲವ್ವಾ, ಅದು ಮೊದ್ಲು ಮುಗೀಬೇಕಂತೆ" ಅಂದ್ಲು. ಯಾರಪ್ಪಾ ಆ ಸಾಹೇಬ? ನಿಮ್ಮ ಕಾರ್ಖಾನೆಯೋನೇ ಇರ್ಬೇಕು. ನಿನಗೆ ಗುರುತಿದ್ರೆ, ಇಲ್ಲೊಬ್ಬಳು ವಿಧವೆ ಗೋಡೆ ಏಳದ ಪಾಯ ಇಟ್ಕೊಂಡು ಕೂತಿದ್ದಾಳೆ, ಸ್ವಲ್ಪ ಆಳು ಬಿಡಿ ಅಂತ ಹೇಳು. ದೊಡ್ಡವರಿಗೆ ಹೇಳೋಕೆ ಸಂಕೋಚ ಆದ್ರೆ ಬೇಡ, ಜಟ್ಟಪ್ಪನಿಗೇ ಒಂದು ಗದರು ಗದರು.

ಅಕ್ಕ

---

ಭದ್ರಾವತಿ
೨೪ ಮಾರ್ಚ್ ೧೯೩೯

ಅಕ್ಕನಿಗೆ ನಮಸ್ಕಾರ. ಯುಗಾದಿಗೆ ಬರೋಕಾಗಲಿಲ್ಲ, ಆಫೀಸಿನಲ್ಲಿ ವರ್ಷದ ಲೆಕ್ಕ.

ಪಾಯ ಯಾವಾಗ್ಲೂ ಚಿಕ್ಕದಾಗೇ ಕಾಣೋದು ಅಕ್ಕಾ. ಯಾವ ಮೇಸ್ತ್ರಿಯನ್ನಾದ್ರೂ ಕೇಳು. ಗೋಡೆ ಎದ್ದು ಹೆಂಚು ಹೊದಿಸಿದ ಮೇಲೆ ದೊಡ್ಡದಾಗುತ್ತೆ. ಆಳುಗಳ ವಿಷಯ ಹೇಳಿದ್ದೀನಿ. ಸುಣ್ಣದ ಧೂಳಲ್ಲಿ ನಿಂತು ಕೆಮ್ಮು ತಂದ್ಕೋಬೇಡ, ಒಳಗಿರು.

ಶಿವಯೋಗಿ

---

ಶಿವಮೊಗ್ಗ
೧೦ ಮೇ ೧೯೩೯

ಶಿವಯೋಗಿ,

ಆ ಜಟ್ಟಪ್ಪ ಕಣ್ಣಿಗೆ ಮಣ್ಣೆರಚಿಬಿಟ್ಟ ಕಣೋ!

ಹೆಂಚು ಹೊದಿಸಿ ಮುಗಿಸಿದ್ರು. ನಿನ್ನೆ ಸ್ಕೂಲಿನ ಪದ್ಮಮ್ಮ ಮೇಡಂ, ಜೊತೇಲಿ ವಿಶಾಲಮ್ಮ ಮೇಡಂ, ಇಬ್ಬರೂ ಕೋಣೆ ನೋಡೋಕೆ ಬಂದ್ರು. ಹೇಗೂ ಬಂದಿದ್ದೀರಿ, ಮಂಚ ಹಾಕಿ ನೋಡೇಬಿಡೋಣ ಅಂತ ಎರಡು ಮಂಚ ಹೊರಿಸಿದೆ. ಒಂದು ಹಾಕಿದ್ರು. ಇನ್ನೊಂದು ಹಾಕಿದ್ರು. ಆಮೇಲೆ ಕಾಲಿಡೋಕೆ ಜಾಗ ಇಲ್ಲ. ಪದ್ಮಮ್ಮ ಮೇಡಂ ಒಂದು ಮಂಚ ಹತ್ತಿ ಆಚೆ ಮಂಚಕ್ಕೆ ಇಳಿದ್ರು. ಇಬ್ಬರೂ ಬಾಯಿ ಮುಚ್ಕೊಂಡು ನಕ್ರು, ಕೆಟ್ಟ ಮನಸ್ಸಿಂದಲ್ಲ. "ಇನ್ನೊಂದ್ಸಲ ಬರ್ತೀವಮ್ಮಾ" ಅಂತ ಹೋದ್ರು. ಇನ್ನೆಲ್ಲಿ ಬರ್ತಾರೆ!

ಅವರು ಹೋದ್ಮೇಲೆ ಮೊಳ ಹಾಕಿ ಅಳೆದೆ. ಕಂಬದಿಂದ ಕಂಬಕ್ಕೆ ನಾಲ್ಕೇ ಮೊಳ. ಆರಡಿ! ನಡುಮನೆ ಅಂಕಣಕ್ಕೆ ಮೊಳ ಹಾಕಿದ್ರೆ ಏಳಕ್ಕೆ ಸ್ವಲ್ಪ ಕಮ್ಮಿ ಬರುತ್ತೆ. ಕಂಬ ಹತ್ತಿರ ಹತ್ತಿರ ನಿಲ್ಸಿ ಅಂಕಣ ಮೂರು ಮಾಡಿಟ್ಟಿದ್ದಾನೆ. ಕೇಳಿದ್ರೆ, "ಎಣಿಸ್ಕೊಳ್ಳಿ ಅಮ್ಮಾ, ಒಂದು, ಎರಡು, ಮೂರು. ಕರಾರಿನಲ್ಲಿ ಇರೋದು ಅಷ್ಟೇ ತಾನೆ?" ಅಂತಾನೆ. ಕೋಳಿಗೂಡು ಕಟ್ಟಿ ಅದಕ್ಕೂ ಅಂಕಣ ಅಂತ ಹೆಸರಿಡ್ತಾನೇನೋ ಬಡ್ಡೀಮಗ.

ತಪ್ಪು ನನ್ನದೇ. ನೀನು ಎದುರಿಗೆ ನಿಂತು ಕೆಲಸ ಮಾಡಿಸು ಅಂದೆ, ನಾನು ಸುಣ್ಣ ಮರಳು ನೋಡ್ತಾ ಕೂತೆ, ಕಂಬ ನೋಡ್ಲಿಲ್ಲ. ನೀನು ಕಷ್ಟಪಟ್ಟು ಬರೆದ ಕರಾರಿಗೆ ಆ ಕಳ್ಳ ಹೀಗೆ ಅರ್ಥ ಮಾಡಿದ್ನಲ್ಲ ಅಂತ ಹೊಟ್ಟೆ ಉರೀತಿದೆ. ಒಂದು ದಿನ ರಜ ಹಾಕಿ ಬಾ. ನೀನು ಎದುರು ನಿಂತು, "ಅಂಕಣ ಅಂತ ಬರೆದೋನು ನಾನು, ಹತ್ತಡಿ ಅಂತ ನನ್ನ ಅರ್ಥ" ಅಂದ್ರೆ ಸಾಕು, ಅವನ ಬಾಯಿ ಕಟ್ಟುತ್ತೆ. ಬೇಗ ಬಾ.

ಅಕ್ಕ

---

ಭದ್ರಾವತಿ
೨೭ ಮೇ ೧೯೩೯

ಪೂಜ್ಯ ಅಕ್ಕನವರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು, ಕ್ಷಮಿಸಬೇಕು. ಕೆಲಸದ ಒತ್ತಡ. ಜಟ್ಟಪ್ಪ ಹೀಗೆ ಮಾಡಬಾರದಿತ್ತು. ಆದರೆ ಆದದ್ದು ಆಯಿತು, ಜಗಳ ಆಡಿದರೆ ಗೋಡೆ ಅಗಲವಾಗುವುದಿಲ್ಲ. ಈಗ ಆ ಕೋಣೆಗಳಲ್ಲಿ ಸೌದೆ ಹಾಕಬಹುದು.

ನೀವು ಒಬ್ಬರೇ ಅಲ್ಲಿ ಯಾಕೆ ಒದ್ದಾಡುತ್ತೀರಿ ಎಂದು ಮಹಾಂತಮ್ಮ ದಿನಾ ಹೇಳುತ್ತಾಳೆ. ಆ ಮನೆಗೆ ಬೀಗ ಹಾಕಿ, ಇಲ್ಲವೇ ಯಾರಿಗಾದರೂ ಕೊಟ್ಟು, ಇಲ್ಲಿಗೇ ಬಂದುಬಿಡಿ. ನಿಮಗೆ ಒಂದು ಕೋಣೆಗೆ ಕೊರತೆ ಇಲ್ಲ.

ಶಿವಯೋಗಪ್ಪ

---

ಶಿವಮೊಗ್ಗ
೬ ಜೂನ್ ೧೯೩೯

ಶಿವಯೋಗಪ್ಪ,

ನೀನು ಬರ್ತೀಯ ಅಂತ ಇಪ್ಪತ್ತು ದಿನ ಬಾಗಿಲು ನೋಡಿದೆ. ಬಂದದ್ದು ಕಾಗದ. ಅದ್ರಲ್ಲಿ ನಾನು 'ನೀವು' ಆಗಿಬಿಟ್ಟಿದ್ದೆ. ನಿನ್ನ ಬಾಡಿಗೆ ಮನೇಲಿ ಇರೋದೇ ಎರಡು ಕೋಣೆ, ನನಗೆ ಕೋಣೆ ಎಲ್ಲಿಂದ ಬಂತು ಅಂತ ಯೋಚನೆ ಹತ್ತಿತು. ಅಷ್ಟರಲ್ಲಿ ನಂಜಮ್ಮ ಉಳಿದ ಕೂಲಿ ಕೇಳೋಕೆ ಬಂದಿದ್ಲು. ನನ್ನ ಮುಖ ನೋಡಿ, "ಅವ್ವಾ, ನಿಮ್ಮ ತಮ್ಮನೋರ ಮನೆ ಏನ್ ಚಂದ ಆಗೈತಿ, ಇಲ್ಲಿ ಯಾಕೆ ಹಿಂಗೆ ಇಕ್ಕಟ್ಟು ಮಾಡಿಸಿದ್ರಿ?" ಅಂದ್ಲು. ಯಾವ ತಮ್ಮ, ಯಾವ ಮನೆ? ಸಾಹೇಬ್ರು ಅಂದ್ರೆ ನೀನೇನಾ?

ನಿನ್ನೆ ಬೆಳಗಿನ ರೈಲಿಗೆ ಹತ್ತಿ ಬಂದೆ. ನೀನು ಆಫೀಸಿಗೆ ಹೋಗಿದ್ದೆ. ಮಹಾಂತಮ್ಮನಿಗೆ ನನ್ನ ನೋಡಿ ಎಷ್ಟು ಸಂತೋಷ! ಪಾಪದ ಹುಡುಗಿ, ಕೈ ಹಿಡಿದು ಎಳ್ಕೊಂಡು ಹೋಗಿ ಹೊಸ ಮನೆ ತೋರಿಸಿದ್ಲು. ಕಾರ್ತೀಕದಲ್ಲೇ ಪಾಯ ಹಾಕಿದ್ರಂತೆ. ಗೃಹಪ್ರವೇಶಕ್ಕೆ ಕರೆದು ಅಕ್ಕನಿಗೆ ಆಶ್ಚರ್ಯ ಮಾಡೋಣ, ಅಲ್ಲೀವರೆಗೆ ಹೇಳ್ಬೇಡ ಅಂದಿದ್ಯಂತೆ. ಆಶ್ಚರ್ಯ ಆಯ್ತಪ್ಪಾ, ಚೆನ್ನಾಗಿ ಆಯ್ತು.

ಅಡಿಗೆಮನೆ ಪಕ್ಕದ ಕೋಣೆ ತೋರಿಸಿ, "ಇದು ನಿಮಗೇ ಅಕ್ಕಾ, ನೀವು ಬಂದ್ರೆ ಅಡಿಗೆಯವಳನ್ನ ಬಿಡಿಸ್ತಾರಂತೆ" ಅಂದ್ಲು. ಅವಳಿಗೆ ಅದ್ರಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ. ನಾನು ನನ್ನ ಕಾಲ ಮೇಲೆ ನಿಲ್ತೀನಿ ಅಂತ ನಿನಗೆ ಬರೆಯೋಕೆ ಮುಂಚೇನೇ ನೀನು ನನ್ನ ಕೈಗೆ ಸೌಟು ಕೊಟ್ಟಾಗಿತ್ತು.

ಅಷ್ಟಕ್ಕೇ ನಿಂತಿದ್ರೆ ನುಂಗ್ಕೋತಿದ್ದೆ. "ಇವರ ಅಕ್ಷರ ನೋಡಿ ಅಕ್ಕಾ" ಅಂತ ಅವಳು ನಿನ್ನ ಮನೆ ಕರಾರು ತಂದು ಕೈಗಿಟ್ಲು. ಅದೇ ಜಟ್ಟಪ್ಪ, ಅದೇ ಮುತ್ತಿನ ಅಕ್ಷರ. ಅದ್ರಲ್ಲಿ ಅಂಕಣ ಅನ್ನೋ ಮಾತೇ ಇಲ್ಲ. ಹತ್ತಡಿ ಮೂರಿಂಚು, ಹನ್ನೆರಡಡಿ ಆರಿಂಚು. ಗೋಡೆ ದಪ್ಪ ಎಷ್ಟಿಂಚು, ಕಿಟಕಿ ಎಷ್ಟಿಂಚು, ಎಲ್ಲಾ ಇದೆ. ನಿನ್ನ ಮನೆಗೆ ಇಂಚು ಲೆಕ್ಕ, ನನ್ನ ಮನೆಗೆ ಅಂಕಣ.

ಜಟ್ಟಪ್ಪ ಅಲ್ಲೇ ಅಟ್ಟಣೆ ಮೇಲಿದ್ದ. ಇಳಿಸಿ ಕೇಳಿದೆ. ಅವನು ತಲೆ ತಗ್ಗಿಸಿ, "ಅಮ್ಮಾ, ನನ್ನ ಬೈಬೇಡಿ. ಇಲ್ಲಿ ಕಮ್ಮಿಗೆ ಮಾಡ್ಕೊಡು, ಅಕ್ಕನ ಕೆಲಸ ಕೊಡಿಸ್ತೀನಿ, ಅಲ್ಲಿ ಸರಿತೂಗಿಸ್ಕೋ ಅಂತ ನಿಮ್ಮ ತಮ್ಮನೋರೇ ಹೇಳಿದ್ದು" ಅಂದ.

ಇದು ಸುಳ್ಳು ಅಂತ ಒಂದೇ ಒಂದು ಮಾತು ಬರಿ. ನಂಬ್ತೀನಿ. ಇನ್ನೂ ನಂಬೋಕೆ ತಯಾರಿದ್ದೀನಿ, ಅಷ್ಟು ಮೂರ್ಖಳು ನಾನು.

ದಾಕ್ಷಾಯಣಿ

---

ಭದ್ರಾವತಿ
೧೦ ಜೂನ್ ೧೯೩೯

ಅಕ್ಕಾ,

ಸುಳ್ಳು ಅಂತ ಬರೆಯೋಕೆ ಎರಡು ಸಲ ಕೂತೆ, ಆಗಲಿಲ್ಲ.

ದುಡ್ಡು ಸಾಲದೆ ಮನೆ ಅರ್ಧಕ್ಕೆ ನಿಂತಿತ್ತು. ಜಟ್ಟಪ್ಪ ಕೈಬಿಟ್ಟು ಹೋಗ್ತೀನಿ ಅಂತ ಕೂತಿದ್ದ. ಅದೇ ಹೊತ್ತಿಗೆ ನಿನ್ನ ಕಾಗದ ಬಂತು. ಒಂದಡಿ, ಒಂದೂವರೆ ಅಡಿ ಕಮ್ಮಿ ಮಾಡ್ತಾನೆ, ನಿನಗೆ ಗೊತ್ತೂ ಆಗಲ್ಲ ಅಂದ್ಕೊಂಡೆ. ಆರಡಿಗೆ ಇಳಿಸ್ತಾನೆ ಅಂತ ದೇವರಾಣೆಗೂ ಗೊತ್ತಿರಲಿಲ್ಲ. ಹೇಗೂ ನಾಳೆ ನೀನು ನಮ್ಮ ಜೊತೆಗೇ ಇರೋಳು, ಆ ಕೋಣೆಗಳು ಯಾರಿಗೆ ಬೇಕು ಅಂತ ಮನಸ್ಸಿಗೆ ಸಮಾಧಾನ ಹೇಳ್ಕೊಂಡೆ. ನಿನ್ನ ಕೋಣೇನ ಅಡಿಗೆಮನೆ ಪಕ್ಕ ಮಾಡಿಸಿದ್ದು ಅಲ್ಲಿ ಬೆಚ್ಚಗಿರುತ್ತೆ ಅಂತ. ಮಹಾಂತಮ್ಮನಿಗೆ ಮಾತಾಡೋಕೆ ಬರಲ್ಲ.

ಈ ಕಾಗದ ಓದಿ ಒಲೆಗೆ ಹಾಕು. ಗೃಹಪ್ರವೇಶಕ್ಕೆ ನೀನೇ ಬಂದು ಹಾಲುಕ್ಕಿಸಬೇಕು. ಅಕ್ಕ ಅಲ್ಲ, ತಾಯಿ ನೀನು.

ಶಿವಯೋಗಿ

---

ಶಿವಮೊಗ್ಗ
೧೯ ಜೂನ್ ೧೯೩೯

ಶಿವಯೋಗಪ್ಪ,

ತಾಯಿಗೆ ಈ ಕೆಲಸ ಮಾಡಿದ್ಯಾ? ಬೇಲಿನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳೋದು ಅಂತಾರಲ್ಲ, ಆ ಮಾತನ್ನ ಇಷ್ಟು ದಿನ ಊರೋರ ವಿಷಯಕ್ಕೆ ಆಡ್ತಿದ್ದೆ.

ಶಿವಶಂಕರಪ್ಪನೋರ ಮನೆಗೆ ಹೋಗಿ, ಅವತ್ತು ಆಡಿದ ಮಾತಿಗೆ ತಪ್ಪಾಯ್ತು ಅಂದೆ. ಆ ಪುಣ್ಯಾತ್ಮ ಒಂದು ಕೊಂಕೂ ಆಡಲಿಲ್ಲ. ಜುಲೈ ಒಂಬತ್ತನೇ ತಾರೀಕು ಅವರ ಜಗಲಿ ಮೇಲೆ ನಾಲ್ಕು ಜನ ಹಿರಿಯರು ಸೇರ್ತಾರೆ. ಜಟ್ಟಪ್ಪನಿಗೆ ಹೇಳಿ ಕಳಿಸಿದ್ದೀವಿ, ಒಪ್ಪಿದ್ದಾನೆ. ಹಿರಿಯರು ಹತ್ತಡಿ ಅಂತ ತೀರ್ಮಾನ ಕೊಟ್ರೆ ಬಿಚ್ಚಿ ಕಟ್ಟಿಕೊಡ್ಬೇಕು.

ಕರಾರು ಬರೆದೋನು ನೀನು, ನೀನು ಬರ್ಲೇಬೇಕು. ನಿನ್ನ ಮನೆ ಕರಾರೂ ತಾ. ನೀನೂ ಜಟ್ಟಪ್ಪನೂ ಒಳಗೊಳಗೇ ಏನು ಮಾತಾಡ್ಕೊಂಡ್ರಿ ಅಂತ ನಾನು ಅಲ್ಲಿ ಎತ್ತಲ್ಲ, ಅವನೂ ಎತ್ತಲ್ಲ, ಅವನಿಗೂ ಮಾನ ಇದೆ. ನಿನ್ನನ್ನ ಒಂದೇ ಮಾತು ಕೇಳ್ತಾರೆ, ಅಂಕಣ ಅಂತ ಬರೆದಾಗ ನಿನ್ನ ಮನಸ್ಸಿನಲ್ಲಿ ಎಷ್ಟಡಿ ಇತ್ತು ಅಂತ. ಹತ್ತು ಅನ್ನು. ನಿಜವನ್ನೇ ಹೇಳು ಅಂತಿದ್ದೀನಿ. ಅಷ್ಟು ಹೇಳಿದ್ರೆ ಉಳಿದದ್ದನ್ನ ಮರೆಯೋಕೆ ಪ್ರಯತ್ನ ಮಾಡ್ತೀನಿ.

ದಾಕ್ಷಾಯಣಿ

---

ಭದ್ರಾವತಿ
೨ ಜುಲೈ ೧೯೩೯

ಅಕ್ಕಾ,

ಪಂಚಾಯ್ತಿ ಬೇಡ. ನಿನ್ನ ಕಾಲಿಗೆ ಬೀಳ್ತೀನಿ. ಹತ್ತಡಿ ಅಂತ ನಾನು ಅಂದ್ರೆ ಜಟ್ಟಪ್ಪ ಇಲ್ಲಿ ಕೆಲಸ ನಿಲ್ಲಿಸಿ ಹೋಗ್ತಾನೆ. ಇನ್ನೂ ಅರ್ಧ ಹೆಂಚು ಹೊದಿಸೋದಿದೆ, ಮಳೆ ಹಿಡಿದಿದೆ. ಸ್ವಲ್ಪ ಯೋಚನೆ ಮಾಡು. ಬರ್ತೀನಿ, ಬರಲ್ಲ ಅನ್ನಲ್ಲ. ಆದ್ರೆ ಯೋಚನೆ ಮಾಡು.

ಶಿವಯೋಗಿ

---

ದುರ್ಗಿಗುಡಿ, ಶಿವಮೊಗ್ಗ
೬ ಆಗಸ್ಟ್ ೧೯೩೯

ಶ್ರೀ ಶಿವಯೋಗಪ್ಪನವರಿಗೆ,

ಪಂಚಾಯ್ತಿ ಆಗಿ ತಿಂಗಳಾಗ್ತಾ ಬಂತು. ನೀವು ಎರಡು ಸಲ ಹೇಳಿ ಕಳಿಸಿದ್ರಿ, ಅಕ್ಕ ಯಾಕೆ ಕಾಗದ ಬರೀಲಿಲ್ಲ ಅಂತ. ಬರೀತಿದ್ದೀನಿ.

ನಿಮ್ಮನ್ನ ಕೇಳಿದ್ರು, ಎಷ್ಟಡಿ ಮನಸ್ಸಿನಲ್ಲಿತ್ತು ಅಂತ. ನೀವು ನೆಲ ನೋಡ್ತಾ, "ನನಗೆ ನೆನಪಿಲ್ಲ" ಅಂದ್ರಿ. ನಿಮ್ಮ ಮನೆ ಕರಾರು ಎಲ್ಲಿ ಅಂದ್ರೆ, "ಮರೆತು ಬಂದೆ" ಅಂದ್ರಿ. ಆರು ಅಂದಿದ್ರೆ ಸುಳ್ಳುಗಾರ ಅಂತ ಎದ್ದು ಬೈತಿದ್ದೆ. ಹತ್ತು ಅಂದಿದ್ರೆ ಎದ್ದು ಬಂದು ತಲೆ ಸವರ್ತಿದ್ದೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ್ರೆ ನಾನು ಏನು ಮಾಡ್ಲಿ? ಬರೆದದ್ದು ಅಂಕಣ, ಕಟ್ಟಿದ್ದು ಅಂಕಣ, ಮೇಸ್ತ್ರಿಯದು ತಪ್ಪಿಲ್ಲ ಅಂತ ಹಿರಿಯರು ಎದ್ರು. ಅವರನ್ನ ದೂರೋಕಾಗಲ್ಲ.

ನಿಮ್ಮ ಜೂನ್ ಹತ್ತರ ಕಾಗದ ನಾನು ಒಲೆಗೆ ಹಾಕಿರಲಿಲ್ಲ. ಅವತ್ತು ನನ್ನ ಸೆರಗಿನ ಗಂಟಿನಲ್ಲೇ ಇತ್ತು. ತೆಗೆದು ಶಿವಶಂಕರಪ್ಪನೋರ ಕೈಗೆ ಕೊಟ್ಟಿದ್ರೆ ಜಟ್ಟಪ್ಪ ಗೋಡೆ ಬಿಚ್ಚಿ ಕಟ್ಬೇಕಾಗ್ತಿತ್ತು, ನೀವು ಈ ಊರಿನಲ್ಲಿ ತಲೆ ಎತ್ತೋಕೆ ಆಗ್ತಿರಲಿಲ್ಲ. ನಾನು ಗಂಟು ಬಿಚ್ಚಲ್ಲ ಅಂತ ನಿಮಗೆ ಗೊತ್ತಿತ್ತು. ಆ ಧೈರ್ಯದ ಮೇಲೇ ನೆನಪಿಲ್ಲ ಅಂದಿದ್ದು ನೀವು. ಮೇಸ್ತ್ರಿ ಮೇಲೆ ನನಗೆ ಇಷ್ಟು ಉರಿಯಲ್ಲ. ಅವನು ಹೊರಗಿನೋನು, ಅವನಂಥೋರ ಹತ್ರ ಹೇಗೆ ಹುಷಾರಾಗಿರಬೇಕು ಅಂತ ಒಬ್ಬರು ನನಗೆ ಪುಟಗಟ್ಟಲೆ ಬರೆದು ಕಳಿಸಿದ್ರು. ಬರೆದೋರ ಹತ್ರ ಹುಷಾರಾಗಿರು ಅಂತ ಯಾರೂ ಬರೀಲಿಲ್ಲ. ಐದು ವರ್ಷದ ಮಗೂನ ಸೊಂಟದ ಮೇಲೆ ಹೊತ್ತು ಬೆಳೆಸಿದೋಳಿಗೆ ಅದು ಹೊಳೆಯೋದೂ ಇಲ್ಲ. ಅತ್ತೆ, ಎಂಟು ದಿನ ಅತ್ತೆ. ಮುಚ್ಚಿಡೋದೇನಿದೆ.

ಒಂಬತ್ತನೇ ದಿನ ನಂಜಮ್ಮನನ್ನೂ ಅವಳ ಗಂಡನನ್ನೂ ಕರೆಸಿದೆ. ಒಳಗಿನ ಎರಡು ಗೋಡೆ ಕೆಡವಿಸಿ, ಅದೇ ಇಟ್ಟಿಗೆ ಕೆರೆಸಿ, ನಟ್ಟ ನಡುವೆ ಒಂದೇ ಗೋಡೆ ಎಬ್ಬಿಸಿದ್ವಿ. ಹದಿನೆಂಟಡಿ, ಎರಡು ಪಾಲು. ಈ ಸಲ ಮೊಳ ಬಿಟ್ಟು, ಶಿವಶಂಕರಪ್ಪನೋರ ಅಂಗಡಿಯ ಕಬ್ಬಿಣದ ಗಜ ತರಿಸಿ, ದಾರ ಹಿಡಿದು ನಾನೇ ನಿಂತಿದ್ದೆ. ಪದ್ಮಮ್ಮ ಮೇಡಂ, ವಿಶಾಲಮ್ಮ ಮೇಡಂ ತಾವಾಗೇ ವಿಚಾರಿಸ್ಕೊಂಡು ಬಂದ್ರು. ಎರಡು ಮಂಚ, ನಡುವೆ ಒಂದು ಮೇಜು, ಎಲ್ಲಾ ಹಿಡೀತು. ಆಚೆ ಕೋಣೆಗೆ ಇನ್ನಿಬ್ಬರು ಮೇಡಂಗಳು ಹೋದ ಸೋಮವಾರ ಬಂದ್ರು. ಬೆಳಗ್ಗೆ ನಾಲ್ಕು ಜನಕ್ಕೆ ರೊಟ್ಟಿ ತಟ್ತೀನಿ. ಅಡಿಗೆ ಮಾಡೋದು ತಪ್ಪಲಿಲ್ಲ ಅಂತ ನೀವು ನಗಬಹುದು, ನಗಿ. ಒಲೆ ನನ್ನದು.

ಗೃಹಪ್ರವೇಶದ ಕಾಗದ ಬಂತು. ನಾನು ಬರಲ್ಲ. ಅಕ್ಕನಿಗೆ ಮೈ ಹುಷಾರಿಲ್ಲ ಅಂತ ಮಹಾಂತಮ್ಮನಿಗೆ ಹೇಳಿ, ಆ ಹುಡುಗಿಗೆ ನಿಜ ಹೇಳಿ ನೋಯಿಸೋದು ಬೇಡ. ಮಕ್ಕಳನ್ನ ರಜಕ್ಕೆ ಕಳಿಸಿ, ನನ್ನ ಪಕ್ಕದಲ್ಲಿ ಮಲಗ್ತಾರೆ.

ನೀವೂ ಶಿವಮೊಗ್ಗಕ್ಕೆ ಬಂದಾಗ ಬರಬೇಡಿ ಅಂತ ನಾನು ಹೇಳಲ್ಲ. ಜಗಲಿ ಮೇಲೆ ಕೂತ್ಕೊಳ್ಳಿ, ಬೆಲ್ಲ ನೀರು ಕೊಡ್ತೀನಿ. ಸಾಯಂಕಾಲದ ರೈಲಿಗೆ ಹೊರಟುಬಿಡಿ. ಉಳ್ಕೊಳ್ಳೋಕೆ ಜಾಗ ಇಲ್ಲ, ಎರಡು ಕೋಣೆಯೂ ಬಾಡಿಗೆಗೆ ಹೋಗಿವೆ.

ದಾಕ್ಷಾಯಣಮ್ಮ